ಹಳದಿ ಅರಿವೆ ಕಟ್ಟಿದ ಕೈ

ದವಾಖಾನೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು, "ಅಜ್ಜಾರ, ನಿಮ್ಮ ಕಾಲದಾಗ ಎಂಥೆಂಥಾ ದೊಡ್ಡ ಕೇಸು ನೋಡೀರಿ, ಹೇಳ್ರಿ ನೋಡೋಣ" ಎನ್ನುತ್ತಾರೆ. ಎತ್ತು ತಿವಿದವನ ಕರುಳು ಒಳಗೆ ತಳ್ಳಿ ಹೊಲಿದದ್ದು, ಗಾಲಿಗೆ ಸಿಕ್ಕ ಕಾಲು ಕತ್ತರಿಸಿದ್ದು ಇಂಥವು ಬೇಕು ಅವರಿಗೆ. ನಾನು ಉಗುರಿನ ಮಾತು ತೆಗೆಯುತ್ತೇನೆ. ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗಲಿ. ಒಂದು ದಿನ ಅವರ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಲಿ, ಆಮೇಲೆ ಬಂದು ನಗಲಿ.

ನಾನು ಬೈಲಹೊಂಗಲ, ಕಿತ್ತೂರು, ಸವದತ್ತಿ, ಕಡೆಗೆ ರಾಮದುರ್ಗ ಹೀಗೆ ಊರೂರು ತಿರುಗಿ ಗಾಯಕ್ಕೆ ಪಟ್ಟಿ ಕಟ್ಟಿದವನು. ಜನ ನನಗೆ ಇಟ್ಟ ಹೆಸರು ಪಟ್ಟಿ ಭಟ್ಟ. ಭಟ್ಟ ಏಕೆಂದರೆ ನಮ್ಮದು ಪೂಜೆ ಪುರಾಣದ ಮನೆತನ. ನಾನು ಕೀವು ಮುಟ್ಟುವ ಕೆಲಸಕ್ಕೆ ಸೇರಿದಾಗ ನಮ್ಮಪ್ಪ, "ಇನ್ನ ನೀ ಅಡಗಿಮನಿ ಹೊಚ್ಚಲಾ ದಾಟಬ್ಯಾಡ" ಎಂದರು. ಸಾಯುವವರೆಗೂ ದಾಟಗೊಡಲಿಲ್ಲ. ಬಡ್ತಿ ಗಿಡ್ತಿ ಕೇಳಬೇಡಿ. ಪಟ್ಟಿ ಕಟ್ಟುತ್ತ ಬಂದೆ, ಪಟ್ಟಿ ಕಟ್ಟುತ್ತಲೇ ಮುಗಿಸಿದೆ.

ನಾನು ಈಗ ಬರೆಯಲು ಕೂತಿರುವುದು ರಾಮದುರ್ಗದ ನೇಕಾರರ ಓಣಿಯ ನಿಂಗವ್ವನ ಎರಡು ಉಗುರುಗಳಿಗಾಗಿ. ಬಲಗೈ ಹೆಬ್ಬೆರಳಿನದೊಂದು, ತೋರುಬೆರಳಿನದೊಂದು. ಅವು ಸರಿಯಾಗಿ ಬಂದರೆ ಅವಳಿಗೆ ಮೈದುನನ ಮನೆಯಲ್ಲಿ ತುತ್ತು ಅನ್ನ, ಬರದಿದ್ದರೆ ಬೀದಿ. ಅಷ್ಟು ಸ್ಪಷ್ಟವಾಗಿತ್ತು ಲೆಕ್ಕ. ಆ ಉಗುರುಗಳನ್ನು ಉಳಿಸಲು ನಾನು ಯಾರ ಯಾರ ಜೊತೆ ಜಗಳಾಡಿದೆ ಎಂಬುದು ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಆದರೆ ಅದಕ್ಕೂ ಮೊದಲು ನಾನು ಈ ಕೆಲಸ ಕಲಿತದ್ದು ಹೇಗೆ ಎಂದು ಹೇಳಬೇಕು. ಸಿಟ್ಟು ಅಲ್ಲಿಂದಲೇ ಶುರು.

ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರಿಗಳು ಕೂಡಿ ನಡೆಸುತ್ತಿದ್ದ ಒಂದು ಧರ್ಮದ ದವಾಖಾನೆ. ಈಗ ಅದಿಲ್ಲ, ಹೆಸರೂ ಬೇಡ. ಡಾಕ್ಟರ್ ಸಾಹೇಬರು ಪುಣೆಯ ಕಡೆಯವರು. ಕೋಟು, ಪಗಡಿ, ಕೈಯಲ್ಲಿ ಚಿಮಟ. ಹತ್ತಿಯ ಸುಗ್ಗಿಯಲ್ಲಿ ಹತ್ತಿ ಮೂಟೆಯ ಅಂಡಿಗೆ ಎತ್ತುವ ಹಮಾಲರು, ಚಕ್ಕಡಿ ಹೊಡೆಯುವವರು, ಬೆರಳು ಜಜ್ಜಿಸಿಕೊಂಡು ಬಾಗಿಲಲ್ಲಿ ಸಾಲು ಹಚ್ಚುತ್ತಿದ್ದರು. ಉಗುರು ಕಪ್ಪಗಾಗಿದ್ದು ಕಂಡರೆ ಸಾಕು, ಸಾಹೇಬರು "ಹಿಡೀ ರೇ ಅವನ ಕೈ!" ಎನ್ನುವರು. ನಾನು ಹಿಡಿಯಬೇಕು. ಅವರು ಚಿಮಟ ಹಾಕಿ ಜಗ್ಗಬೇಕು. ಹಮಾಲನ ಕೂಗು ಪೇಟೆಯ ತನಕ ಕೇಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ನಮ್ಮಲ್ಲಿ ಗಾದೆ ಇದೆ. ಆ ಗಾದೆ ಕಟ್ಟಿದವರು ನಮ್ಮ ಸಾಹೇಬರನ್ನು ಕಂಡಿರಲಿಲ್ಲ, ಕಂಡಿದ್ದರೆ ಗಾದೆ ಕಟ್ಟುವುದು ಬಿಟ್ಟು ಓಡಿಹೋಗುತ್ತಿದ್ದರು.

ಬುಡ ಸಮೇತ ಕಿತ್ತ ಉಗುರು ತಿರುಗಿ ಬಂದರೂ ನೆಟ್ಟಗೆ ಬರುವುದು ಅಪರೂಪ. ಕೆಲವರಿಗೆ ಡೊಂಕಾಗಿ, ಕೆಲವರಿಗೆ ಎರಡು ಸೀಳಾಗಿ, ಕೆಲವರಿಗೆ ಬರಿಯ ಚರ್ಮವಾಗಿ ಉಳಿಯಿತು. ಆ ಹಮಾಲರು ಮತ್ತೆ ಹಗ್ಗ ಬಿಗಿಯುವಾಗ ಹಲ್ಲು ಕಚ್ಚುವುದನ್ನು ನಾನು ಪೇಟೆಯಲ್ಲಿ ನೋಡುತ್ತಿದ್ದೆ. ಸಾಹೇಬರು ನೋಡುತ್ತಿರಲಿಲ್ಲ, ಅವರು ಪೇಟೆಗೆ ಹೋಗುತ್ತಿದ್ದದ್ದು ಟಾಂಗಾದಲ್ಲಿ.

ಒಮ್ಮೆ ಸಾಹೇಬರ ಹೆಬ್ಬೆರಳಿನ ಮೇಲೆಯೇ ಟ್ರಂಕಿನ ಮುಚ್ಚಳ ಬಿತ್ತು. ಉಗುರು ನೇರಳೆಹಣ್ಣಿನಂತೆ ಕಪ್ಪಾಯಿತು. ನಾನು ರೂಢಿಯಂತೆ ಚಿಮಟ ಕುದಿಸಿ ತಂದಿಟ್ಟೆ. ಅವರು ಹಾವು ಕಂಡವರ ಹಾಗೆ ಕೈ ಹಿಂದೆ ಎಳೆದುಕೊಂಡರು.

"ಹುಚ್ಚ ಇದ್ದೀಯೇನು? ಚಿಮಟಾ ಒಗಿ ಆಕಡೆ! ಸೂಜಿ ತಗೋ, ಕೆಂಪಗ ಕಾಸು. ಉಗುರಿನ ಮ್ಯಾಲೆ ಹಗೂರ ಇಡು. ಒತ್ತಬ್ಯಾಡ! ತೂತು ಬಿದ್ದ ಕೂಡಲೇ ತಗದಬಿಡು."

ಇಟ್ಟೆ. ಸುಟ್ಟ ಕೊಂಬಿನ ವಾಸನೆ ಬಂತು, ತೂತು ಬಿತ್ತು, ಕಟ್ಟಿಕೊಂಡಿದ್ದ ಕರಿ ರಕ್ತ ಚಿಮ್ಮಿತು. ಸಾಹೇಬರು ಉಸಿರು ಬಿಟ್ಟರು. ನೋವು ಅರ್ಧಕ್ಕರ್ಧ ಅಲ್ಲೇ ಇಳಿಯಿತು. ಸತ್ತ ಉಗುರನ್ನು ಹಾಗೆಯೇ ಮುಚ್ಚಳವಾಗಿ ಬಿಡಬೇಕು, ಅದರ ಕೆಳಗೆ ಹೊಸದು ಹುಟ್ಟಿ ಹಳೆಯದನ್ನು ತಾನೇ ದೂಡುತ್ತದೆ, ತುದಿ ಎದ್ದಷ್ಟನ್ನು ಮಾತ್ರ ಕತ್ತರಿಸುತ್ತ ಹೋಗಬೇಕು, ಅಡಿಯ ಮಾಂಸಕ್ಕೆ ನೀರು ತಾಗಿಸಬಾರದು. ಎಲ್ಲವನ್ನೂ ಹೇಳಿದರು. ಎಲ್ಲವೂ ಗೊತ್ತಿತ್ತು ಮಹಾರಾಯರಿಗೆ!

"ಸಾಹೇಬರ, ಹಮಾಲರಿಗೂ ಹಿಂಗ ಮಾಡಬಹುದಿತ್ತಲ್ಲ?" ಎಂದೆ.

"ಅವರಿಗೆ ಯಾರು ಇಷ್ಟೊತ್ತು ಕೂತು ಮಾಡಬೇಕೋ? ವೇಳ್ಯಾ ಎಲ್ಲಿ ಅದ?" ಎಂದರು, ಊದಿದ ಬೆರಳಿಗೆ ಬಾಯಿಂದ ಗಾಳಿ ಹಾಕಿಕೊಳ್ಳುತ್ತ.

ಗೊತ್ತಿಲ್ಲದೆ ಮಾಡಿದರೆ ಕ್ಷಮಿಸಬಹುದು. ಗೊತ್ತಿದ್ದೂ ಮಾಡಿದ್ದಕ್ಕೆ ಏನೆನ್ನಬೇಕು? ಅವತ್ತು ಅವರ ಬೆರಳಿಗೆ ಪಟ್ಟಿ ಕಟ್ಟುವಾಗ ಬೇಕೆಂತಲೇ ಸ್ವಲ್ಪ ಬಿಗಿದೆ. ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ.

ಕಿತ್ತೂರಿಗೆ ಹೋದ ಮೇಲೆ ಸಿಟ್ಟು ಡಾಕ್ಟರರ ಮೇಲಿನಿಂದ ಜನರ ಮೇಲೆ ತಿರುಗಿತು. ಹತ್ತಿರದ ಹಳ್ಳಿಯ ಒಬ್ಬ ಗೌಡರಿಗೆ ಉಗುರುಸುತ್ತು ಆಗಿತ್ತು. ಉಗುರುಸುತ್ತಿಗೆ ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೊಪ್ಪಿಗೆಯಂತೆ ಹಾಕುವುದು ನಮ್ಮ ಕಡೆಯ ಪದ್ಧತಿ. ಮೊದಲ ದಿನ ತಂಪು ಅನಿಸುತ್ತದೆ, ನಿಜ. ಆದರೆ ಗೌಡರು ಅದನ್ನು ತೆಗೆದಿರಲೇ ಇಲ್ಲ. ಹಣ್ಣು ಒಣಗಿ ಚಕ್ಕಳವಾಗಿ ಬೆರಳನ್ನು ಹಿಂಡುತ್ತಿತ್ತು. ಒಳಗಿನಿಂದ ನಾತ.

"ಗೌಡ್ರ, ಇದನ್ನ ಈಗಲೇ ಕತ್ತರಸತೀನಿ" ಎಂದೆ.

"ಏ ಮುಟ್ಟಬ್ಯಾಡ್ರಿ ಭಟ್ಟರ! ಲಿಂಬಿಹಣ್ಣು ತಾನ ಉದುರಬೇಕು. ನಾವಾಗಿ ತಗದ್ರ ಬ್ಯಾನಿ ತಿರಗಿ ಬರತೈತಿ."

"ಬೆರಳ ಉದರತದ್ರಿ, ಹಣ್ಣಲ್ಲ!"

ಆಳುಗಳು ಗೌಡರ ಭುಜ ಹಿಡಿದರು, ನಾನು ಕತ್ತರಿ ಹಾಕಿದೆ. ಒಳಗೆ ಏನಿತ್ತು ಎಂದು ಹೇಳಿದರೆ ನೀವು ಇವತ್ತು ಊಟ ಮಾಡುವುದಿಲ್ಲ. ಕೀವು ತೆಗೆದು, ಬೋರಿಕ್ ಪುಡಿ ಹಾಕಿದ ಬೆಚ್ಚನೆಯ ನೀರಿನಲ್ಲಿ ಬೆರಳು ಅದ್ದಿಸಿ, ಅಯೋಡೋಫಾರ್ಮ್ ಪುಡಿ ಉದುರಿಸಿ ಕಟ್ಟಿದೆ. ಬೆರಳು ಉಳಿಯಿತು, ಉಗುರೂ ಬಂತು. ಗೌಡರು ಊರೆಲ್ಲ ಹೇಳಿಕೊಂಡು ತಿರುಗಿದ್ದೇನು ಗೊತ್ತೇ? "ಆ ಭಟ್ಟನ ಪುಡಿ ನಾತಕ್ಕ ನನಗ ಎಷ್ಟೋ ದಿನ ಊಟಾನ ಸೇರಲಿಲ್ಲ!" ಲಿಂಬೆಹಣ್ಣಿನ ನಾತ ಅವರಿಗೆ ಬಡಿದಿರಲಿಲ್ಲ.

ಸವದತ್ತಿಯಲ್ಲಿ ಬರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಉಗುರು ಜಜ್ಜಿ ಹಾಳಾದದ್ದಲ್ಲ, ತೊಯ್ದು ಹಾಳಾದದ್ದು. ಬೆಳಗಿನ ಅಂಗಳಕ್ಕೆ ಸಗಣಿ, ಆಮೇಲೆ ಪಾತ್ರೆಗೆ ಬೂದಿ, ಆಮೇಲೆ ಬಟ್ಟೆಗೆ ಚೌಳು ಮಣ್ಣು, ಮಧ್ಯಾಹ್ನ ಮತ್ತೆ ನೀರು. ಉಗುರಿನ ಬುಡ ಊದಿ, ಅಂಚು ಹಸಿರಾಗಿ, ಉಗುರು ಗುಳ್ಳೆ ಎದ್ದ ಗೋಡೆಯ ಸುಣ್ಣದಂತೆ ಪದರು ಬಿಡುತ್ತಿತ್ತು. ನಾನು ಔಷಧ ಕೊಟ್ಟು, "ಈ ಕೈ ಒಂದೀಟ ಒಣಾ ಇಡ್ರಿ" ಎನ್ನುತ್ತಿದ್ದೆ. ಜೊತೆಗೆ ಬಂದ ಅತ್ತೆ ಸೊಂಟಕ್ಕೆ ಕೈ ಇಟ್ಟು ನಿಲ್ಲುವಳು. "ಹಂಗಾರ ಅಂಗಳಾ ಯಾರು ಸಾರಸ್ತಾರು? ನೀವು ಬಂದು ಸಾರಸ್ತೀರೇನ್ರಿ?"

ಹುಡುಗರೇ, ಕೇಳಿ. ಈ ಕೆಲಸದಲ್ಲಿ ಔಷಧಗಳು ಬದಲಾದವು. ಮೊದಮೊದಲು ಹಳೆಯ ಧೋತರ ಹರಿದು ಪಟ್ಟಿ ಮಾಡುತ್ತಿದ್ದೆವು, ಒಬ್ಬರದನ್ನು ಒಗೆದು ಇನ್ನೊಬ್ಬರಿಗೆ ಕಟ್ಟುತ್ತಿದ್ದೆವು. ಆಮೇಲೆ ಕುದಿಸಿದ ಜಾಳು ಗಾಜ್ ಬಟ್ಟೆ ಬಂತು. ಒಣ ಬಟ್ಟೆಯನ್ನು ನೇರವಾಗಿ ಹಸಿ ಮಾಂಸದ ಮೇಲೆ ಕಟ್ಟಿ, ಮರುದಿನ ಬಿಚ್ಚುವಾಗ ಮೊಳೆತಿದ್ದ ಉಗುರೇ ಬಟ್ಟೆಗೆ ಅಂಟಿ ಬಂದ ಮೇಲೆ ಎಣ್ಣೆ ಸವರಿದ ಬಟ್ಟೆ ಇಡುವುದನ್ನು ಕಲಿತೆವು. ಕಾರ್ಬಾಲಿಕ್ ಹೋಗಿ ಅಯೋಡಿನ್ ಬಂತು. ಎಲ್ಲ ಬಂತು. ಆದರೆ ಉಗುರಿಗೆ ಬೇಕಾದ ಮುಖ್ಯ ಔಷಧ ಎಂದರೆ ಬಿಡುವು. ತಿಂಗಳುಗಟ್ಟಲೆ ಬಿಡುವು. ಅದನ್ನು ಮಾತ್ರ ಯಾವ ಬಾಟಲಿಯಲ್ಲೂ ತುಂಬಿ ಕೊಡಲಿಕ್ಕೆ ಬರಲಿಲ್ಲ. ಕೈ ಬಿಟ್ಟರೆ ಬೇರೆ ಆಸ್ತಿ ಇಲ್ಲದವರಿಗೇ ಆ ಕೈಗೆ ಬಿಡುವು ಸಿಗುವುದಿಲ್ಲ. ಇದಕ್ಕೆ ಸಿಟ್ಟು ಬಾರದವನು ಈ ಕೆಲಸಕ್ಕೆ ಬರಬಾರದು.

ಇನ್ನು ನಿಂಗವ್ವ.

ರಾಮದುರ್ಗ ಆಗ ಸಂಸ್ಥಾನದ ಊರು, ಮಗ್ಗದ ಊರು. ಅಲ್ಲಿ ನಾನು ಕೆಲಸಕ್ಕಿದ್ದದ್ದು ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ. ನಶ್ಯ ಏರಿಸಿಕೊಂಡು, "ಭಟ್ಟಾ, ಉಗುರೆಲ್ಲಾ ನಿಂದು, ಉಳದ ಮೈ ನಂದು" ಎಂದು ಹಂಚಿಕೊಟ್ಟಿದ್ದರು. ಒಳ್ಳೆಯ ಮನುಷ್ಯ. ನಾನು ಕಂಡ ಮೇಲಿನವರಲ್ಲಿ ಅಡ್ಡ ಬರದವರು ಅವರೊಬ್ಬರೇ.

ನಿಂಗವ್ವ ಗಂಡ ಸತ್ತವಳು. ಮೈದುನ ಈರಪ್ಪನ ಮನೆಯಲ್ಲಿ ಇದ್ದಳು. ಅವಳ ಕೆಲಸ ಕೆಚ್ಚುವುದು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಒಂದು ಸುತ್ತು, ನೇಯ್ದು ಮುಗಿಯುವಾಗ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನ ಉಗುರಿನ ತುದಿಯಲ್ಲಿ ಎಳೆ ಹಿಡಿದು ತಿರುವಬೇಕು. ಓಣಿಯಲ್ಲಿ ನಿಂಗವ್ವನಷ್ಟು ನಯವಾಗಿ ಕೆಚ್ಚುವವರು ಇರಲಿಲ್ಲ. ರೇಷ್ಮೆ ದಡಿಯ ಸೀರೆಗೆ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಒಬ್ಬರು ಹಿಡಿದ ಕೆಚ್ಚನ್ನು ಇನ್ನೊಬ್ಬರು ಮುಗಿಸುವಂತಿಲ್ಲ, ಕೈ ಬದಲಾದರೆ ಎಳೆಯ ಬಿಗಿ ಬದಲಾಗುತ್ತದೆ ಎಂದು ಅವರ ನಂಬಿಕೆ.

ಹಾಸು ಸುತ್ತುವ ಮರದ ಉರುಳೆ ಜಾರಿ ಆ ಎರಡು ಬೆರಳ ಮೇಲೆ ಬಿದ್ದಿತ್ತು. ಮನೆಯವರು ಊದಿದ್ದಕ್ಕೆ ಸುಣ್ಣ ಬೆಲ್ಲ ಕಲಸಿ ಮೆತ್ತಿದ್ದರು. ಅದು ಕಲ್ಲಾಗಿ ಕೂತಿತ್ತು. ಅದನ್ನು ಹಾಗೆಯೇ ಕೀಳಲು ಹೋಗಿ ಉಗುರಿನ ಅಂಚು ಎದ್ದು, ರಕ್ತ ಬಂದ ಮೇಲೆ ಈರಪ್ಪ ಅವಳನ್ನು ಕರೆದುಕೊಂಡು ಬಂದ.

"ಕಿತ್ತ ಒಗೀರಿ ಭಟ್ಟರ ಆ ಉಗರಾ. ಲಗೂನ ಹೊಸಾದು ಬರತೈತಿ. ಮಗ್ಗ ಖಾಲಿ ನಿಂತೈತಿ" ಎಂದ.

"ಮೂಲಂಗಿ ಏನೋ ಅದು, ಕಿತ್ತು ಹೊಸಾದು ಹಚ್ಚಲಿಕ್ಕೆ? ಹೊರಗ ಕುಂದ್ರು ಹೋಗು!"

ಬೆಚ್ಚನೆಯ ನೀರು, ಕುಸುಬಿ ಎಣ್ಣೆ ಹಾಕಿ ಸುಣ್ಣ ನೆನೆಸಿ, ಚೂರು ಚೂರೇ ಬಿಡಿಸುವುದರಲ್ಲಿ ಬೆಳಗು ಕಳೆಯಿತು. ನಿಂಗವ್ವ ಒಂದು ಸಲವೂ ಕೂಗಲಿಲ್ಲ. ಕಡೆಗೆ ಮೆಲ್ಲಗೆ ಕೇಳಿದಳು: "ಉಗರ ಉಳಿತಾವೇನ್ರಿ?"

"ಕಾಯಬೇಕು."

"ಉಗರ ಹೋದ್ರ ಎಳಿ ಹಿಡ್ಯಾಕ ಆಗೂದಿಲ್ಲರಿ ಭಟ್ಟರ. ಎಳಿ ಹಿಡೀಲಿಲ್ಲಂದ್ರ ನನ್ನ ಆ ಮನ್ಯಾಗ ಯಾರ ಇಟಗೋತಾರು?"

ಸೂಜಿ ಕಾಯಿಸಿ ರಕ್ತ ಬಿಟ್ಟೆ. ಎದ್ದ ಅಂಚು ಕತ್ತರಿಸಿದೆ. ಉಳಿದದ್ದನ್ನು ಮುಚ್ಚಳವಾಗಿ ಬಿಟ್ಟು, ಎಣ್ಣೆ ಬಟ್ಟೆ ಇಟ್ಟು ಕಟ್ಟಿದೆ. ನೀರು ಬೇಡ, ಸಗಣಿ ಬೇಡ, ಬೂದಿಯಂತೂ ಬೇಡವೇ ಬೇಡ ಎಂದು ಈರಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದೆ. "ಹೂಂನ್ರಿ, ಹೂಂನ್ರಿ" ಎಂದು ತಲೆ ಅಲ್ಲಾಡಿಸಿದ.

ಮುಂದಿನ ವಾರ ಪಟ್ಟಿ ಬಿಚ್ಚಿದರೆ ಒಳಗೆ ಸಗಣಿ. ಅದರ ಮುಂದಿನ ಸಲ ಬೂದಿ. ಹಸಿ ಮಾಂಸದಲ್ಲಿ ಕಣ ಕಣವಾಗಿ ಕೂತ ಬೂದಿ! ನನ್ನ ತಲೆ ಕೆಟ್ಟಿತು. ಅವಳ ಮೇಲೆಯೇ ಹರಿಹಾಯ್ದೆ.

"ನಿನಗೇನು ಬುದ್ಧಿ ಅದ ಇಲ್ಲೋ? ನಿನ್ನ ಕೈ ನೀನ ಕೊಳಸಕೋತೀಯಲ್ಲ!"

ಅವಳು ನನ್ನ ಮುಖ ನೋಡಿದಳು. "ನನಗ್ಯಾಕ ಬೈತೀರಿ ಭಟ್ಟರ? ಈ ಕೈ ನಂದೇನು? ಮುಂಜಾನೆದ್ದು ಸಾರಸು ಅಂತಾರ, ಸಾರಸತೇನಿ. ಒಂದ ನಾಕ ಎಳಿ ಹೊಸದು ಕೊಡು ಅಂತಾರ, ಕೊಡತೇನಿ. ನಾ ಒಲ್ಲೆ ಅಂದ್ರ ಸಂಜೀಗೆ ರೊಟ್ಟಿ ಯಾರ ಹಾಕತಾರು?"

ಬೂದಿ ತೊಳೆದು ಮತ್ತೆ ಪಟ್ಟಿ ಕಟ್ಟಿದೆ. ಬೈಯಬೇಕಾದ್ದು ಅವಳನ್ನಲ್ಲ. ಆದರೆ ಬೈಯಬೇಕಾದವರು ನನ್ನ ಬೈಗುಳಕ್ಕೆ ಸೊಪ್ಪು ಹಾಕುವವರಲ್ಲ. ಡಾಕ್ಟರರು ಹೇಳಿದರೂ ಕೇಳಲಿಲ್ಲ. ಆ ಓಣಿಯ ಜನ ಯಾರ ಮಾತು ಕೇಳುತ್ತಾರೆ ಎಂದು ಯೋಚಿಸುತ್ತ ಕೂತಾಗ ನನಗೆ ಮುಡಿಪು ನೆನಪಾಯಿತು.

ಮುಡಿಪು ಎಂದರೆ ಗೊತ್ತಲ್ಲ. ಕಷ್ಟ ಬಂದಾಗ ಅರಿಶಿನದಲ್ಲಿ ಅದ್ದಿದ ಅರಿವೆಯಲ್ಲಿ ಒಂದು ನಾಣ್ಯ ಕಟ್ಟಿ, ದೇವರ ಹೆಸರು ಹೇಳಿ ಪೂಜೆಯ ಜಗಲಿಯ ಮೇಲೆ ಇಡುತ್ತಾರೆ. ಮನೆಯಲ್ಲಿ ಹಿಟ್ಟು ಇಲ್ಲದಿದ್ದರೂ ಆ ಗಂಟು ಬಿಚ್ಚುವುದಿಲ್ಲ. ನಾನು ಅರಿಶಿನ ತರಿಸಿದೆ. ಪಟ್ಟಿಯ ಮೇಲೆ, ಮಣಿಕಟ್ಟಿನವರೆಗೆ, ಹಳದಿ ಅರಿವೆ ಸುತ್ತಿ ಗಂಟು ಹಾಕಿದೆ. ಈರಪ್ಪನನ್ನು ಒಳಗೆ ಕರೆದು, ಅಪ್ಪನಿಂದ ಕಲಿತು ಅರ್ಧ ಮರೆತಿದ್ದ ಮಂತ್ರ ಗಟ್ಟಿಯಾಗಿ ಹೇಳಿದೆ.

"ಈರಪ್ಪಾ, ಈ ಕೈ ಇನ್ನ ನಿಮ್ಮ ಮನಿದೇವರು ಬನಶಂಕರೀದು. ಉಗುರು ಪೂರಾ ಬರೋತನಕ ಇದಕ್ಕ ನೀರು, ಸಗಣಿ, ಬೂದಿ ತಾಗಬಾರದು. ಕಟ್ಟಿದಾಂವ ನಾ, ಬಿಚ್ಚಾಂವನೂ ನಾನ. ಬ್ಯಾರೆಯವರು ಕೈ ಹಚ್ಚಿದ್ರ ತಾಯಿಗೆ ನೀನ ಜವಾಬ್ದಾರಿ."

ಈರಪ್ಪ ಚಪ್ಪಲಿ ಬಿಟ್ಟು ಅವಳ ಕೈಗೆ ನಮಸ್ಕಾರ ಮಾಡಿದ. ನಮಸ್ಕಾರ! ಅದೇ ಕೈ ನಿನ್ನೆ ಕೀವು ಸುರಿಸುತ್ತಿದ್ದಾಗ ತಿರುಗಿ ನೋಡದವನು! ನನ್ನ ಇಷ್ಟು ವರ್ಷದ ಕೆಲಸ, ಡಾಕ್ಟರರ ಓದು, ಅವಳ ನೋವು, ಇವೆಲ್ಲಕ್ಕೂ ಇಲ್ಲದ ಬೆಲೆ ಒಂದು ಚಿಟಿಕೆ ಅರಿಶಿನಕ್ಕೆ. ಒಳಗೆ ಕೂತ ಡಾಕ್ಟರರು ನಶ್ಯ ಏರಿಸಿ, "ಭಟ್ಟಾ, ನಿಮ್ಮಪ್ಪಗ ಗೊತ್ತಾದ್ರ ಅಡಗಿಮನಿ ಅಲ್ಲ, ಅಂಗಳಕ್ಕೂ ಬಿಡಂಗಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆದರೆ ಕೆಲಸವಾಯಿತು. ನಿಂಗವ್ವ ವಾರಕ್ಕೊಮ್ಮೆ ಬರುವಳು. ನಾನು ಬಾಗಿಲು ಹಾಕಿ ಹಳದಿ ಅರಿವೆ ಬಿಚ್ಚಿ, ಎಣ್ಣೆ ಬಟ್ಟೆ ಬದಲಿಸಿ, ಮತ್ತೆ ಕಟ್ಟುವೆನು. ಮಾಂಸ ಒಣಗಿ ಗುಲಾಬಿ ಬಣ್ಣಕ್ಕೆ ಬಂತು. ಹಳೆಯ ಉಗುರು ಉದುರಿತು. ಹೆಬ್ಬೆರಳಿನ ಬುಡದಲ್ಲಿ ಹೊಸದು, ಬೆಳ್ಳುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ, ಕಾಣಿಸಿಕೊಂಡಿತು. ನಿಂಗವ್ವ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೋರುಬೆರಳಿನಲ್ಲೂ ಬಂತು. ಅರ್ಧದವರೆಗೆ ಬೆಳೆದವು.

ಲಗ್ನದ ದಿನಗಳು ಬಂದವು. ನಿಂಗವ್ವ ಬರುವುದು ನಿಂತಿತು. ಒಂದು ವಾರ ಕಾದೆ. ಎರಡನೆಯ ವಾರ ಕೊಡೆ ಹಿಡಿದು ನಾನೇ ನೇಕಾರರ ಓಣಿಗೆ ಹೋದೆ.

ಈರಪ್ಪನ ಮನೆಯ ಮಗ್ಗಕ್ಕೆ ಹೊಸ ಹಾಸು ಏರಿಸಿದ್ದರು. ಯಾರದೋ ಮದುಮಗಳ ಸೀರೆ. ನಿಂಗವ್ವ ಎಳೆಗಳ ಮುಂದೆ ಬಗ್ಗಿ ಕೂತಿದ್ದಳು. ಹಳದಿ ಅರಿವೆ ಕೈಯಲ್ಲೇ ಇತ್ತು. ಹೊಸದು, ಚೆಂದಾಗಿ ಸುತ್ತಿ, ಗಂಟಿಗೆ ಕುಂಕುಮ ಹಚ್ಚಿ, ಒಂದು ಹೂವನ್ನೂ ಸಿಕ್ಕಿಸಿದ್ದರು. ಆದರೆ ಅದು ಇದ್ದದ್ದು ಎಡಗೈಯಲ್ಲಿ. ಎಡಗೈಯ ಬೆರಳ ತುದಿ ಮಾತ್ರ ಹೊರಗೆ ಬಿಟ್ಟು ಎಳೆ ಒತ್ತಿ ಹಿಡಿಯಲು ಜಾಗ ಮಾಡಿಕೊಟ್ಟಿದ್ದರು. ಬಲಗೈ ಬೂದಿಯ ಬಟ್ಟಲಿನಲ್ಲಿತ್ತು. ತೋರುಬೆರಳಿನ ಎಳೆಯ ಉಗುರು ಅರ್ಧಕ್ಕೆ ಸೀಳಿತ್ತು. ಬೂದಿ ಕೆಂಪಾಗಿತ್ತು.

"ಏನಿದು?" ಎಂದೆ.

ಈರಪ್ಪ ಎದ್ದು ಬಂದ. ಒಂದಿಷ್ಟೂ ಅಳುಕಿಲ್ಲ. "ಬರ್ರಿ ಭಟ್ಟರ, ಕುಂಡ್ರಿ. ಏನೂ ತಪ್ಪಾಗಿಲ್ಲರಿ. ಗುಡಿ ಪೂಜಾರಿನ್ನ ಕೇಳೇನಿ. ತಾಯಿಗೆ ಒಂದು ಕೈ ಕೊಟ್ರಾತು, ಯಾವ ಕೈ ಅಂತ ಏನೂ ಇಲ್ಲ ಅಂದ್ರು. ಕಾಯಿ ಒಡಿಸಿ, ಮುಡಿಪು ಎಡಗೈಗೆ ದಾಟಿಸೇವಿ. ನೋಡ್ರಿ, ಎಷ್ಟು ಛಂದ ಕಟ್ಟೇವಿ!"

ಎಂಥ ಬುದ್ಧಿ! ದೇವರಿಗೂ ಮೋಸವಾಗಬಾರದು, ಮಗ್ಗವೂ ನಿಲ್ಲಬಾರದು. ಒಳ್ಳೆಯ ಕೈಗೆ ಪೂಜೆ, ಗಾಯದ ಕೈಗೆ ದುಡಿತ. ನನಗೆ ಅಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ನಮ್ಮ ಮನೆತನದಲ್ಲಿ ಯಾರೂ ಆಡದ ಮಾತುಗಳು. ಓಣಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿದವು.

"ಕೈ ಕೆಸರಾದ್ರ ಬಾಯಿ ಮೊಸರಂತ್ರಿ ಭಟ್ಟರ" ಎಂದ ಈರಪ್ಪ, ಇನ್ನೂ ನಗುತ್ತಲೇ. "ದುಡೀಲಾರದ ಹೆಂಗ?"

"ಕೆಸರಾದ್ರ ಮೊಸರೋ! ಕೊಳತ್ರ ಏನು? ಆಕಿ ಕೈ ಕೊಳತ ಹೋದ ಮ್ಯಾಲೆ ನಿನ್ನ ಮಗ್ಗಕ್ಕ ಯಾರ ಕೆಚ್ಚತಾರು? ನಿನ್ನ ಪೂಜಾರಿ ಬಂದು ಕೆಚ್ಚತಾನೇನು?"

ಅವನ ನಗು ಆಗ ನಿಂತಿತು. ಅಷ್ಟರಲ್ಲಿ ನಿಂಗವ್ವ ಎದ್ದಳು. ಬಲಗೈಯ ಬೂದಿ ಕೊಡವಿದಳು. ಹಲ್ಲಿನಿಂದ ಎಡಗೈಯ ಗಂಟು ಜಗ್ಗಿ ಬಿಚ್ಚಿ, ಆ ಹಳದಿ ಅರಿವೆಯನ್ನು ಬಲಗೈಗೆ ಸುತ್ತಿಕೊಂಡಳು. ಮನೆಯವರೆಲ್ಲ "ಏ, ಏ!" ಎಂದರು. ಅವಳು ಯಾರ ಕಡೆಗೂ ನೋಡಲಿಲ್ಲ.

"ಈರಪ್ಪಾ, ಹಾಸು ಹಿಂಗ ಇರಲಿ" ಎಂದಳು. "ನನ್ನ ಕೆಚ್ಚ ಯಾರೂ ಮುಟ್ಟಬ್ಯಾಡ್ರಿ. ಉಗರ ಬಂದ ಮ್ಯಾಲೆ ಬರತೇನಿ. ಅಲ್ಲೀತನಕ ನನ್ನ ರೊಟ್ಟಿ ನಿಮಗ ಉಳೀಲಿ."

ಹೊಸ್ತಿಲು ದಾಟಿ ನಡೆದೇಬಿಟ್ಟಳು. ಅವಳ ತವರು ಕಟಕೋಳ, ಅಣ್ಣ ಅಲ್ಲಿ ಹೊಲ ಮಾಡಿಕೊಂಡಿದ್ದ. ಸಂತೆಗೆ ಬಂದ ಕಟಕೋಳದ ಚಕ್ಕಡಿಯಲ್ಲಿ ನಾನೇ ಅವಳನ್ನು ಕೂರಿಸಿ ಕಳಿಸಿದೆ. ಚಕ್ಕಡಿ ಹೋದ ಮೇಲೆ ಅಲ್ಲೇ ನಿಂತು ಲೆಕ್ಕ ಹಾಕಿದೆ. ಉಗುರು ಕೆಟ್ಟು ಬಂದರೆ ಅವಳಿಗೆ ಈ ಮನೆಯೂ ಇಲ್ಲ, ತವರಿನ ಅನ್ನವೂ ಎಷ್ಟು ದಿನದ್ದು?

ಅಣ್ಣ ಒಳ್ಳೆಯವನು. ಸಂತೆಯ ದಿನ ಅವಳನ್ನು ಚಕ್ಕಡಿಯಲ್ಲಿ ಕರೆತರುತ್ತಿದ್ದ. ಸೀಳಿದ ಉಗುರಿನ ಕೆಳಗೆ ಕೀವಾಗಿತ್ತು. ಅದನ್ನು ತೆಗೆದೆ. ಸೀಳಿನ ಅಂಚು ಎಲ್ಲಿಯೂ ಸಿಕ್ಕಿಕೊಳ್ಳದ ಹಾಗೆ ಕತ್ತರಿಸುತ್ತ, ಎಣ್ಣೆ ಸವರುತ್ತ, ಸುಮ್ಮನೆ ಕಾದೆ. ಉಗುರಿನ ಕೆಲಸದಲ್ಲಿ ಹೆಚ್ಚಿನದು ಕಾಯುವುದೇ. ಇತ್ತ ಓಣಿಯಲ್ಲಿ ಅರ್ಧ ಕೆಚ್ಚಿದ ಹಾಸು ಧೂಳು ಹಿಡಿಯುತ್ತ ನಿಂತಿತ್ತು. ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಮದುಮಗಳು ಬೇರೆ ಮಗ್ಗದ ಸೀರೆ ಉಟ್ಟು ಗಂಡನ ಮನೆಗೆ ಹೋದಳು. ಈರಪ್ಪ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ.

ಉಗುರು ಬಂತು. ಹೆಬ್ಬೆರಳಿನದು ಕನ್ನಡಿಯಂತೆ ಬಂತು. ತೋರುಬೆರಳಿನದಕ್ಕೆ ನಡುವೆ ಒಂದು ದಿಂಡು, ಉದ್ದನೆಯ ಉಬ್ಬು, ಉಳಿಯಿತು, ಆದರೆ ತುದಿ ಗಟ್ಟಿ. ನಿಂಗವ್ವ ನನ್ನ ಧೋತರದ ಅಂಚಿನಿಂದ ಒಂದು ಎಳೆ ಕಿತ್ತು, ಎರಡು ತುಂಡು ಮಾಡಿ, ಬೂದಿ ಇಲ್ಲದೆಯೇ ಹೊಸೆದು ಕೂಡಿಸಿ ನನ್ನ ಕೈಗೆ ಕೊಟ್ಟಳು. ಜಗ್ಗಿದೆ. ಬಿಚ್ಚಲಿಲ್ಲ. "ಹೋಗು, ನಿನ್ನ ಹಾಸು ಕಾಯಲಿಕ್ಕೆ ಹತ್ತೇದ" ಎಂದೆ. ಈರಪ್ಪ ತಾನೇ ಕಟಕೋಳಕ್ಕೆ ಹೋಗಿ ಅತ್ತಿಗೆಯನ್ನು ಕರೆತಂದ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನೀವೂ ನನ್ನಷ್ಟೇ ದಡ್ಡರು.

ಸ್ವಲ್ಪ ಕಾಲದ ಮೇಲೆ ನೇಕಾರರ ಓಣಿಯ ಒಬ್ಬ ಮುದುಕ ದವಾಖಾನೆಗೆ ಬಂದ. ಬಲಗೈ ಉಗುರು ಜಜ್ಜಿ ಹೋಗಿದೆ, ಎಡಗೈಗೆ ಹಳದಿ ಅರಿವೆ! ಕೇಳಿದರೆ, "ನಿಂಗವ್ವನ ಉಗರ ಹಿಂಗ ಮಾಡೇ ಬಂದಾವಲ್ಲರಿ. ಮುಡಿಪು ಎಡಗೈಗೆ ದಾಟಿಸಿದ ಮ್ಯಾಲೇನ ಛಂದ ಬಂದ್ವು" ಎಂದ. ಓಣಿಯಲ್ಲೆಲ್ಲ ಅದೇ ಮಾತು. ಗಾಯವಾದರೆ ಒಳ್ಳೆಯ ಕೈಗೆ ಮುಡಿಪು ಕಟ್ಟಿ, ಗಾಯದ ಕೈಯಿಂದ ದುಡಿಯುವುದು. ನಾನು ಕಟ್ಟಿದ ಸುಳ್ಳಿನಿಂದ ಓಣಿಗೊಂದು ಹೊಸ ಪದ್ಧತಿ ಹುಟ್ಟಿತ್ತು, ಅದೂ ಉಲ್ಟಾ!

ಮೈಯೆಲ್ಲ ಉರಿದು ಹೋಯಿತು. ಮುದುಕನ ಪಟ್ಟಿ ಕಟ್ಟಿ ಮುಗಿಸಿದವನೇ ಈರಪ್ಪನ ಮನೆಗೆ ಧಾವಿಸಿದೆ. ನಿಂಗವ್ವ ಮಗ್ಗದ ಹತ್ತಿರ ಕೆಚ್ಚುತ್ತ ಕೂತಿದ್ದಳು.

"ನಿಂಗವ್ವಾ, ನಿನ್ನ ಉಗುರು ಯಾಕ ಬಂತು ಅಂತ ನಿನಗ ಗೊತ್ತದ. ಓಣ್ಯಾಗಿನವರಿಗೆ ನೀನರ ಖರೆ ಹೇಳಬಾರದೇನು?"

"ಹೇಳೇನ್ರಿ ಭಟ್ಟರ" ಎಂದಳು, ಎಳೆಯಿಂದ ಕಣ್ಣೆತ್ತದೆ. "ನಾ ತವರಿಗೆ ಹೋಗಿ ಕೈ ಮಡಚಿಕೊಂಡು ಕುಂತಿದ್ದಕ್ಕ ಬಂದ್ವು ಅಂದೆ. ಸುಮ್ಮ ಕುಂತ್ರ ಉಗರ ಬರತಾವೇನ ಅಂತ ನಕ್ಕರು. ಅದಕ್ಕ ಈಗ ಬ್ಯಾರೆ ಹೇಳೇನಿ."

"ಏನಂತ?"

"ತಾಯಿ ಕನಸಿನ್ಯಾಗ ಬಂದಿದ್ಲು. ಒಂದು ಕೈ ಕಟ್ಟಿದ್ರ ನನಗ ಸಾಲೂದಿಲ್ಲ, ಇನ್ನ ಎರಡೂ ಕೈ ಬೇಕು ಅಂದ್ಲು ಅಂತ. ನಮ್ಮ ಸೊಸಿ ಬೆರಳ ಜಜ್ಜೇತಿ, ಅಲ್ಲೆ ನೋಡ್ರಿ."

ಒಳಗೆ ನೋಡಿದೆ. ಪಡಸಾಲೆಯ ಕಂಬಕ್ಕೆ ಒರಗಿ ಈರಪ್ಪನ ಹೊಸ ಸೊಸೆ ಕೂತಿದ್ದಳು. ಎರಡೂ ಕೈಗೆ ಮಣಿಕಟ್ಟಿನವರೆಗೆ ಹಳದಿ ಅರಿವೆ. ಪಕ್ಕದಲ್ಲಿ ಅತ್ತೆ, ಈರಪ್ಪನ ಹೆಂಡತಿ, ಗೊಣಗುತ್ತಲೇ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಸೊಸೆಯ ಬಾಯಿಗೆ ಇಡುತ್ತಿದ್ದಳು. ಹಿತ್ತಲ ಬಾಗಿಲಿನಿಂದ ಈರಪ್ಪ ಬಂದ. ಅಂಗಳ ಸಾರಿಸಿದ ಸಗಣಿ ಅವನ ಮೊಣಕೈಯವರೆಗೂ ಹತ್ತಿತ್ತು. ನನ್ನನ್ನು ಕಂಡವನೇ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡ.